ಬೆಟ್ಟ ಹತ್ತುವ ಮೋಟಾರು ಸೈಕಲ್ಲು: ಕಾರ್ಬ್ಯುರೇಟರಿನ ಜೆಟ್ಟುಗಳನ್ನು ಹೊಂದಿಸುವ ಭೌತಶಾಸ್ತ್ರ

ಪೆಟ್ರೋಲು ದ್ರವರೂಪದಲ್ಲಿ ಉರಿಯುವುದಿಲ್ಲ. ಅದು ಆವಿಯಾಗಿ ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತಾಗ ಮಾತ್ರ ಕಿಡಿ ತಾಗಿ ಉರಿಯುತ್ತದೆ. ಮೋಟಾರು ಸೈಕಲ್ಲಿನ ಇಂಜಿನಿನಲ್ಲಿ ಈ ಬೆರೆಸುವ ಕೆಲಸವನ್ನು ಬಹುಕಾಲದಿಂದ ಮಾಡುತ್ತ ಬಂದಿರುವ ಸಾಧನವೇ ಕಾರ್ಬ್ಯುರೇಟರು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಈ ಲೋಹದ ಪೆಟ್ಟಿಗೆಯಲ್ಲಿ ಪಂಪಿಲ್ಲ, ತಕ್ಕಡಿಯಿಲ್ಲ, ಲೆಕ್ಕ ಹಾಕುವ ಯಂತ್ರವಿಲ್ಲ. ಆದರೂ ಅದು ಒಳಹೊಕ್ಕ ಗಾಳಿಯನ್ನು ಅಳೆದು, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಬೆರೆಸಿ ಕೊಡುತ್ತದೆ. ಇದು ಹೇಗೆ ಸಾಧ್ಯ? ಬಯಲು ಸೀಮೆಯಲ್ಲಿ ಸರಿಯಾಗಿ ನಡೆಯುವ ಕಾರ್ಬ್ಯುರೇಟರು ಪರ್ವತದ ಮೇಲೆ ಏಕೆ ತಪ್ಪುತ್ತದೆ? ಆ ತಪ್ಪನ್ನು ತಿದ್ದಹೊರಟವನು ಇಂಜಿನನ್ನೇ ಕಳೆದುಕೊಳ್ಳುವ ಅಪಾಯ ಎಲ್ಲಿರುತ್ತದೆ? ಕಾಲೇಜಿನ ತರಗತಿಯಲ್ಲಿ ಕಲಿಯುವ ಭೌತಶಾಸ್ತ್ರವೇ ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲುದು ಎಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ಉದಾಹರಣೆಗಾಗಿ ಗುಡ್ಡಗಾಡಿನ ದಾರಿಗೆಂದೇ ರಚಿತವಾದ ಮೋಟಾರು ಸೈಕಲ್ಲನ್ನು ಆರಿಸಿಕೊಳ್ಳೋಣ. ಕಲ್ಲು, ಕೆಸರು, ಕಡಿದಾದ ಏರುಗಳಲ್ಲಿ ನಡೆಯಬೇಕಾದ ಇದರ ಇಂಜಿನು ಒಂದು ಗಳಿಗೆ ನಿಧಾನವಾಗಿಯೂ ಮರುಗಳಿಗೆ ಪೂರ್ಣ ಶಕ್ತಿಯಿಂದಲೂ ಓಡಬೇಕಾಗುತ್ತದೆ. ಒಂದೇ ದಿನದಲ್ಲಿ ಸಾವಿರಾರು ಮೀಟರ್ ಎತ್ತರವನ್ನು ಹತ್ತಿ ಇಳಿಯಬೇಕಾಗುತ್ತದೆ. ಜಪಾನಿನ ಯಮಾಹಾ ಸಂಸ್ಥೆ 1968ರಲ್ಲಿ ಹೊರತಂದ ಡಿಟಿ-1 ಈ ವರ್ಗದ ಪ್ರಸಿದ್ಧ ವಾಹನ. ಅದರದು ಎರಡು ಹೊಡೆತದ, ಒಂದೇ ಸಿಲಿಂಡರಿನ ಇಂಜಿನು. ಸಿಲಿಂಡರಿನ ವ್ಯಾಸ 70 ಮಿಲಿಮೀಟರ್, ಪಿಸ್ಟನ್ನಿನ ಚಲನೆ 64 ಮಿಲಿಮೀಟರ್, ಒಟ್ಟು ಗಾತ್ರ 246 ಘನ ಸೆಂಟಿಮೀಟರ್. ಕಾರ್ಬ್ಯುರೇಟರಿನ ಕಂಠದ ವ್ಯಾಸ 26 ಮಿಲಿಮೀಟರ್. ನಮ್ಮ ದೇಶದಲ್ಲಿ 2011ರಲ್ಲಿ ಬಂದ ಹೀರೋ ಇಂಪಲ್ಸ್ ಮತ್ತು 2016ರಲ್ಲಿ ಬಂದ ಮೊದಲ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಇಂಥ ದಾರಿಗಳಿಗಾಗಿಯೇ ತಯಾರಾದುವು. ಇವೂ ಕಾರ್ಬ್ಯುರೇಟರನ್ನು ಹೊಂದಿದ್ದವು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಹಂತ 6ರ ನಿಯಮಗಳ ತರುವಾಯ ಹೊಸ ಮೋಟಾರು ಸೈಕಲ್ಲುಗಳಲ್ಲಿ ಅದರ ಸ್ಥಾನವನ್ನು ಬಹುಮಟ್ಟಿಗೆ ವಿದ್ಯುನ್ಮಾನ ಇಂಧನ ಸಿಂಚನ ಆಕ್ರಮಿಸಿದೆ. ಆದರೆ ಹಳೆಯ ವಾಹನಗಳು ಇನ್ನೂ ರಸ್ತೆಯ ಮೇಲಿವೆ. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿಗಳನ್ನು ಇಂದಿಗೂ ಅಕ್ಕರೆಯಿಂದ ಓಡಿಸುವವರು ಕರ್ನಾಟಕದಲ್ಲಿ ಅನೇಕರಿದ್ದಾರೆ. ಅವರಿಗೂ ಈ ವಿಚಾರ ಪ್ರಯೋಜನಕ್ಕೆ ಬಾರದಿರದು.

ಗಾಳಿಯ ಲೆಕ್ಕ

ಮೊದಲು ರಸಾಯನಶಾಸ್ತ್ರದ ಒಂದು ಲೆಕ್ಕವನ್ನು ಮಾಡೋಣ. ಪೆಟ್ರೋಲಿನ ಪ್ರತಿನಿಧಿಯಾಗಿ ಆಕ್ಟೇನನ್ನು ತೆಗೆದುಕೊಳ್ಳಬಹುದು. ಇದರ ಒಂದು ಅಣುವಿನಲ್ಲಿ 8 ಇಂಗಾಲದ ಪರಮಾಣುಗಳೂ 18 ಜಲಜನಕದ ಪರಮಾಣುಗಳೂ ಇವೆ. ಇದು ಪೂರ್ಣವಾಗಿ ದಹಿಸಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಬೇಕಾದರೆ ಹನ್ನೆರಡೂವರೆ ಅಣು ಆಮ್ಲಜನಕ ಬೇಕು. ಎಂದರೆ 114 ಗ್ರಾಂ ಆಕ್ಟೇನಿಗೆ 400 ಗ್ರಾಂ ಆಮ್ಲಜನಕ. ಗಾಳಿಯ ತೂಕದಲ್ಲಿ ಆಮ್ಲಜನಕದ ಪಾಲು ಶೇಕಡ 23ಕ್ಕೆ ಸ್ವಲ್ಪ ಹೆಚ್ಚು. ಆದುದರಿಂದ ಬೇಕಾದ ಗಾಳಿ ಸುಮಾರು 1,724 ಗ್ರಾಂ. ಭಾಗಿಸಿ ನೋಡಿದರೆ ಒಂದು ಗ್ರಾಂ ಆಕ್ಟೇನಿಗೆ 15.1 ಗ್ರಾಂ ಗಾಳಿ ಎಂದಾಗುತ್ತದೆ. ಪೆಟ್ರೋಲು ಅನೇಕ ಹೈಡ್ರೊಕಾರ್ಬನ್ನುಗಳ ಮಿಶ್ರಣವಾದುದರಿಂದ ಅದಕ್ಕೆ ಅನ್ವಯಿಸುವ ಸಂಖ್ಯೆ ಇದಕ್ಕಿಂತ ತುಸು ಕಡಿಮೆ, ಸುಮಾರು 14.7.

ಪೆಟ್ರೋಲು ಇದಕ್ಕಿಂತ ಹೆಚ್ಚಾಗಿರುವ ಮಿಶ್ರಣವನ್ನು ಸಮೃದ್ಧ ಮಿಶ್ರಣವೆಂದೂ, ಕಡಿಮೆಯಾಗಿರುವ ಮಿಶ್ರಣವನ್ನು ಬಡ ಮಿಶ್ರಣವೆಂದೂ ಕರೆಯೋಣ. ಇಂಜಿನಿನಿಂದ ಗರಿಷ್ಠ ಶಕ್ತಿ ಬೇಕಾದಾಗ 12.5ರಿಂದ 13ರಷ್ಟು ಗಾಳಿಗೆ 1 ಭಾಗ ಪೆಟ್ರೋಲು, ಎಂದರೆ ಕೊಂಚ ಸಮೃದ್ಧವಾದ ಮಿಶ್ರಣವೇ, ಹಿತಕರ. ಗಾಳಿಯ ಕಣ್ಣಿಗೆ ಕಾಣದ ಗಾತ್ರವನ್ನು ಮನಗಾಣಲು ಇನ್ನೊಂದು ಲೆಕ್ಕ ಮಾಡಬಹುದು. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ. ಅದಕ್ಕೆ ಬೇಕಾದ ಗಾಳಿ ಸುಮಾರು 10.9 ಕಿಲೋಗ್ರಾಂ. ಒಂದು ಲೀಟರ್ ಗಾಳಿಯ ತೂಕ 1.2 ಗ್ರಾಂ ಮಾತ್ರವಾದುದರಿಂದ ಇದು ಒಂಬತ್ತು ಸಾವಿರ ಲೀಟರಿಗೂ ಮೀರಿದ ಗಾಳಿ. ಪ್ರತಿಯೊಂದು ಲೀಟರ್ ಪೆಟ್ರೋಲಿಗೂ ಇಷ್ಟು ಗಾಳಿ ಆ 26 ಮಿಲಿಮೀಟರ್ ಕಂಠದ ಮೂಲಕ ಹಾದುಹೋಗಬೇಕು.

ಕಂಠ ಮತ್ತು ರಂಧ್ರ

ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟಿಸಿದ ದ್ರವಚಲನೆಯ ಗ್ರಂಥದಿಂದ ಬಂದ ತತ್ತ್ವ ವಿದ್ಯಾರ್ಥಿಗಳಿಗೆ ಪರಿಚಿತವೇ. ಹರಿಯುವ ದ್ರವ ಅಥವಾ ಅನಿಲದ ವೇಗ ಹೆಚ್ಚಾದೆಡೆಯಲ್ಲಿ ಅದರ ಒತ್ತಡ ಕಡಿಮೆಯಾಗುತ್ತದೆ. ಕೊಳವೆಯನ್ನು ಒಂದೆಡೆ ಕಿರಿದುಗೊಳಿಸಿದರೆ ಅಲ್ಲಿ ವೇಗ ಹೆಚ್ಚಿ ಒತ್ತಡ ಇಳಿಯುವುದನ್ನು ಇಟಲಿಯ ವೆಂಚುರಿ 1797ರಲ್ಲಿ ವಿವರಿಸಿದನು. ಅಂಥ ಕಿರಿದಾದ ಕಂಠಕ್ಕೆ ಇಂದಿಗೂ ಅವನ ಹೆಸರೇ ಇದೆ. ತೊಡಕದ ಕಾಲದ ಕಾರ್ಬ್ಯುರೇಟರುಗಳು ಪೆಟ್ರೋಲಿನ ಮೇಲ್ಮೈಯ ಮೇಲೆ ಗಾಳಿಯನ್ನು ಹಾಯಿಸಿ ಆವಿಯನ್ನು ಒಯ್ಯುತ್ತಿದ್ದವು. ಜರ್ಮನಿಯ ಮೇಬಾಕ್ 1893ರ ಸುಮಾರಿಗೆ ರಂಧ್ರದ ಮೂಲಕ ಪೆಟ್ರೋಲನ್ನು ಸಿಂಪಡಿಸುವ ಪದ್ಧತಿಯನ್ನು ಬಳಕೆಗೆ ತಂದನು. ಹಂಗೆರಿಯಲ್ಲಿ ಬಾಂಕಿ ಮತ್ತು ಚೊಂಕಾ ಎಂಬುವರೂ ಅದೇ ವರ್ಷ ಇಂಥದೇ ಸಾಧನಕ್ಕೆ ಪೇಟೆಂಟ್ ಪಡೆದರು.

ಕಾರ್ಬ್ಯುರೇಟರಿನ ತಳದಲ್ಲಿ ಒಂದು ಪುಟ್ಟ ತೊಟ್ಟಿಯಿದೆ. ಅದರಲ್ಲಿರುವ ಫ್ಲೋಟ್ ಎಂಬ ತೇಲುಬುರುಡೆ ಪೆಟ್ರೋಲಿನ ಮಟ್ಟವನ್ನು ಒಂದೇ ಸಮನಾಗಿ ಕಾಯ್ದುಕೊಳ್ಳುತ್ತದೆ. ನಮ್ಮ ಮನೆಯ ನೀರಿನ ತೊಟ್ಟಿಯ ಚೆಂಡಿನ ಹಾಗೆಯೇ ಇದರ ಕೆಲಸ. ತೊಟ್ಟಿಯ ಮೇಲೆ ವಾಯುಮಂಡಲದ ಒತ್ತಡವಿದೆ, ಕಂಠದಲ್ಲಿ ಅದಕ್ಕಿಂತ ಕಡಿಮೆ ಒತ್ತಡವಿದೆ. ಈ ವ್ಯತ್ಯಾಸವು ಪೆಟ್ರೋಲನ್ನು ಮೇಲಕ್ಕೆ ನೂಕುತ್ತದೆ. ದಾರಿಯಲ್ಲಿ ಅದು ಅಳತೆಯ ರಂಧ್ರವುಳ್ಳ ಒಂದು ಹಿತ್ತಾಳೆಯ ಬಿಲ್ಲೆಯ ಮೂಲಕ ಹಾಯಬೇಕು. ಈ ಬಿಲ್ಲೆಯೇ ಜೆಟ್ಟು.

ಸಂಖ್ಯೆಗಳಿಂದ ಈ ವಿಷಯ ಸ್ಪಷ್ಟವಾದೀತು. ಕಂಠದಲ್ಲಿ ಗಾಳಿಯ ವೇಗ ಸೆಕೆಂಡಿಗೆ 60 ಮೀಟರ್ ಎಂದಿಟ್ಟುಕೊಳ್ಳೋಣ. ಒತ್ತಡದ ಇಳಿತ, ಗಾಳಿಯ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು, ಎಂದರೆ 0.6 × 3,600 = 2,160 ಪಾಸ್ಕಲ್. ಇದು 22 ಸೆಂಟಿಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮನಾದ ಅಲ್ಪ ಒತ್ತಡ. ಇದೇ ಒತ್ತಡದಿಂದ ಪೆಟ್ರೋಲು ಜೆಟ್ಟಿನ ಮೂಲಕ ಚಿಮ್ಮುವ ವೇಗ ಸೆಕೆಂಡಿಗೆ 2.4 ಮೀಟರ್. ಗಾಳಿ ಓಡುತ್ತಿರುವಾಗ ಪೆಟ್ರೋಲು ನಡೆಯುತ್ತಿದೆ ಎನ್ನಬಹುದು. ಇಬ್ಬರ ವೇಗಕ್ಕೂ ಕಾರಣವಾದ ಒತ್ತಡ ಒಂದೇ ಆದುದರಿಂದ ಇವುಗಳ ಪ್ರಮಾಣವನ್ನು ಹೀಗೆ ಬರೆಯಬಹುದು:

ಗಾಳಿಯ ತೂಕ ÷ ಪೆಟ್ರೋಲಿನ ತೂಕ = (ಕಂಠದ ವಿಸ್ತೀರ್ಣ ÷ ಜೆಟ್ಟಿನ ವಿಸ್ತೀರ್ಣ) × √(ಗಾಳಿಯ ಸಾಂದ್ರತೆ ÷ ಪೆಟ್ರೋಲಿನ ಸಾಂದ್ರತೆ)

ಈ ಸಮೀಕರಣದ ವಿಶೇಷವನ್ನು ಗಮನಿಸಬೇಕು. ಇದರಲ್ಲಿ ವೇಗವೇ ಇಲ್ಲ! ಇಂಜಿನು ಗಾಳಿಯನ್ನು ವೇಗವಾಗಿ ಎಳೆದರೂ ನಿಧಾನವಾಗಿ ಎಳೆದರೂ ಪೆಟ್ರೋಲು ಅದೇ ಪ್ರಮಾಣದಲ್ಲಿ ಹಿಂಬಾಲಿಸುತ್ತದೆ. ತಕ್ಕಡಿಯಿಲ್ಲದ ಕಾರ್ಬ್ಯುರೇಟರು ತೂಗಬಲ್ಲುದರ ರಹಸ್ಯ ಇಲ್ಲಿದೆ. 13ರ ಪ್ರಮಾಣ ಬೇಕಾದರೆ ಗಾಳಿಯ ಸಾಂದ್ರತೆಯನ್ನು 1.2, ಪೆಟ್ರೋಲಿನದನ್ನು 740 ಎಂದು ಹಾಕಿದಾಗ ಕಂಠದ ವಿಸ್ತೀರ್ಣ ಜೆಟ್ಟಿನದಕ್ಕಿಂತ 323 ಮಡಿಯೂ, ವ್ಯಾಸ ಸುಮಾರು 18 ಮಡಿಯೂ ಇರಬೇಕೆಂದು ದೊರೆಯುತ್ತದೆ. 26ನ್ನು 18ರಿಂದ ಭಾಗಿಸಿದರೆ 1.45 ಮಿಲಿಮೀಟರ್. ಘರ್ಷಣೆ ಮುಂತಾದುವನ್ನು ನಾವಿಲ್ಲಿ ಬಿಟ್ಟಿದ್ದೇವೆ. ಹಾಗಿದ್ದರೂ ಕಾಗದದ ಮೇಲೆ ದೊರೆತ ಈ ಉತ್ತರ ಅಂಗಡಿಯಲ್ಲಿ ಮಾರುವ ಜೆಟ್ಟುಗಳ ಗಾತ್ರಕ್ಕೆ ಬಹು ಸಮೀಪದ್ದು.

ಇಂಥ ರಂಧ್ರದಲ್ಲಿ ಕಸ ಸಿಕ್ಕಿಕೊಂಡಾಗ ತಂತಿಯಿಂದ ತಿವಿಯುವುದು ಅನೇಕರ ಅಭ್ಯಾಸ. 1.45 ಮಿಲಿಮೀಟರ್ ರಂಧ್ರ ಸವೆದು 1.50 ಆಯಿತೆಂದರೆ ವಿಸ್ತೀರ್ಣ ಶೇಕಡ 7ರಷ್ಟು ಹೆಚ್ಚುತ್ತದೆ. ಪೆಟ್ರೋಲಿನ ಖರ್ಚೂ ಅಷ್ಟೇ ಹೆಚ್ಚುತ್ತದೆ. ಜೆಟ್ಟನ್ನು ದ್ರಾವಕದಲ್ಲಿ ತೊಳೆದು, ಗಾಳಿ ಊದಿ ಶುದ್ಧಮಾಡತಕ್ಕದ್ದೇ ಹೊರತು ತಿವಿಯತಕ್ಕದ್ದಲ್ಲ.

ಒಂದೇ ಜೆಟ್ಟು ಸಾಲದು

ಸಮೀಕರಣದಲ್ಲಿ ವೇಗವಿಲ್ಲವಾದರೆ ಒಂದೇ ಜೆಟ್ಟಿನಿಂದ ಎಲ್ಲ ಕೆಲಸವೂ ನಡೆಯಬೇಕಷ್ಟೆ? ನಡೆಯದು. ಏಕೆಂದರೆ ತೊಟ್ಟಿಯ ಪೆಟ್ರೋಲಿನ ಮಟ್ಟ ಕಂಠಕ್ಕಿಂತ ಕೆಳಗಿದೆ. ಮೊದಲು ಅಷ್ಟು ಎತ್ತರವನ್ನು ಅದು ಏರಬೇಕು. ಗಾಳಿಯ ವೇಗ 60 ಮೀಟರ್ ಇರುವಾಗಿನ ಒತ್ತಡದ ವ್ಯತ್ಯಾಸ ಪೆಟ್ರೋಲನ್ನು ಸುಮಾರು 30 ಸೆಂಟಿಮೀಟರ್ ಎತ್ತಬಲ್ಲುದು. ಆಗ ಈ ಏರಿಕೆ ಲೆಕ್ಕಕ್ಕಿಲ್ಲ. ಆದರೆ ವೇಗ 10 ಮೀಟರಿಗೆ ಇಳಿದರೆ ವ್ಯತ್ಯಾಸ 60 ಪಾಸ್ಕಲ್ ಮಾತ್ರ. ಅದು ಎತ್ತಬಲ್ಲುದು ಕೇವಲ 8 ಮಿಲಿಮೀಟರ್. ಪೆಟ್ರೋಲು ಕಂಠವನ್ನು ತಲುಪದೆಯೇ ಉಳಿಯಬಹುದು. ಇದರಿಂದ ಇಂಜಿನು ನಿಧಾನವಾಗಿ ತಿರುಗುವಾಗ ಬೇರೊಂದು ಏರ್ಪಾಡು ಅನಿವಾರ್ಯವಾಗುತ್ತದೆ. ಫ್ಲೋಟಿನ ಮಟ್ಟ ತಪ್ಪಿದ್ದರೆ ಯಾವ ಜೆಟ್ಟಿನಿಂದಲೂ ಸರಿಹೋಗದೆಂಬುದೂ ಇದರಿಂದ ತಿಳಿಯುತ್ತದೆ.

ಬಲಗೈಯ ಹಿಡಿಯನ್ನು ತಿರುಗಿಸಿದಾಗ ಕಂಠದಲ್ಲಿ ಮೇಲೇಳುವ ಮುಚ್ಚಳಕ್ಕೆ ಸ್ಲೈಡ್ ಎಂದು ಹೆಸರು. ಅದು ಎಷ್ಟು ತೆರೆದಿದೆ ಎಂಬುದರ ಮೇಲೆ ಬೇರೆ ಬೇರೆ ಅಂಗಗಳು ಅಧಿಕಾರ ನಡೆಸುತ್ತವೆ.

ಮೊದಲನೆಯದು ಪೈಲಟ್ ಜೆಟ್ಟು. ಸ್ಲೈಡು ಪೂರ್ತಿ ಮುಚ್ಚಿದ ಸ್ಥಿತಿಯಿಂದ ಎಂಟನೆಯ ಒಂದು ಭಾಗ ತೆರೆಯುವವರೆಗೆ ಇದರದೇ ಆಳ್ವಿಕೆ. ಸ್ಲೈಡಿನ ಹಿಂಬದಿಯಲ್ಲಿ, ಇಂಜಿನಿನ ಕಡೆಗೆ ಇದರ ಬಾಯಿ ಇದೆ. ಅಲ್ಲಿ ಇಂಜಿನಿನ ಸೆಳೆತ ನೇರವಾಗಿ ತಾಗುತ್ತದೆ. ಇದಕ್ಕೆ ಸೇರುವ ಗಾಳಿಯನ್ನು ಒಂದು ಗಾಳಿತಿರುಪು ನಿಯಂತ್ರಿಸುತ್ತದೆ.

ಎರಡನೆಯದು ಸ್ಲೈಡಿನ ಅಂಚಿನ ಕತ್ತರಿಕೆ. ಎಂಟನೆಯ ಒಂದರಿಂದ ಕಾಲು ಭಾಗದವರೆಗೆ ಗಾಳಿ ಎಷ್ಟು ಸಲೀಸಾಗಿ ನುಗ್ಗಬೇಕೆಂಬುದನ್ನು ಇದು ನಿರ್ಧರಿಸುತ್ತದೆ. ಸಾಮಾನ್ಯವಾಗಿ ಇದನ್ನು ಬದಲಿಸುವ ಅಗತ್ಯ ಬೀಳುವುದಿಲ್ಲ.

ಮೂರನೆಯದು ಸ್ಲೈಡಿನಿಂದ ತೂಗುಬಿದ್ದಿರುವ ಮೊನಚಾದ ಸೂಜಿ. ಅದು ಒಂದು ಕೊಳವೆಯಲ್ಲಿ ಇಳಿದಿದೆ. ಸ್ಲೈಡು ಏರಿದಂತೆ ಸೂಜಿಯ ತೆಳುವಾದ ಭಾಗ ಮೇಲೆ ಬಂದು ಸಂದು ಅಗಲವಾಗುತ್ತದೆ. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಪೆಟ್ರೋಲನ್ನು ಅಳೆಯುವುದು ಈ ಸಂದೇ. ಸೂಜಿಯ ತಲೆಯಲ್ಲಿ ಸಾಮಾನ್ಯವಾಗಿ ಐದು ಗೀರುಗಳಿದ್ದು ಒಂದರಲ್ಲಿ ಕ್ಲಿಪ್ಪು ಕುಳಿತಿರುತ್ತದೆ. ಕ್ಲಿಪ್ಪನ್ನು ಕೆಳಗಿನ ಗೀರಿಗೆ ಹಾಕಿದರೆ ಸೂಜಿ ಮೇಲೇರಿ ಮಿಶ್ರಣ ಸಮೃದ್ಧವಾಗುತ್ತದೆ. ಮೇಲಿನ ಗೀರಿಗೆ ಹಾಕಿದರೆ ಬಡವಾಗುತ್ತದೆ.

ನಾಲ್ಕನೆಯದು ನಾವು ಲೆಕ್ಕ ಹಾಕಿದ ಮುಖ್ಯ ಜೆಟ್ಟು. ಮುಕ್ಕಾಲು ಭಾಗದಿಂದ ಪೂರ್ತಿ ತೆರೆಯುವವರೆಗೆ ಸೂಜಿಯ ಸಂದು ಜೆಟ್ಟಿನ ರಂಧ್ರಕ್ಕಿಂತ ದೊಡ್ಡದಾಗಿರುವುದರಿಂದ ಅಳತೆಯ ಹೊಣೆ ಜೆಟ್ಟಿನ ಮೇಲೆ ಬೀಳುತ್ತದೆ.

ಈ ಗಡಿಗಳು ಗೋಡೆಗಳಲ್ಲ. ಒಂದರ ಪ್ರಭಾವ ಮುಂದಿನದರೊಳಕ್ಕೆ ಸ್ವಲ್ಪ ಚಾಚಿರುತ್ತದೆ. ಆದರೂ ತೊಂದರೆ ಸ್ಲೈಡಿನ ಯಾವ ಸ್ಥಾನದಲ್ಲಿ ಕಾಣುತ್ತದೆಂಬುದನ್ನು ಗುರುತಿಸಿದರೆ ಯಾವ ಅಂಗವನ್ನು ಮುಟ್ಟಬೇಕೆಂಬುದು ತಾನಾಗಿ ತಿಳಿಯುತ್ತದೆ. ಇಂಜಿನು ಎಷ್ಟು ಜೋರಾಗಿ ತಿರುಗುತ್ತಿದೆ ಎಂಬುದಲ್ಲ, ಸ್ಲೈಡು ಎಷ್ಟು ತೆರೆದಿದೆ ಎಂಬುದೇ ಇಲ್ಲಿ ಮುಖ್ಯ.

ಬಡ ಮಿಶ್ರಣದ ಅಪಾಯ

ಸಮೃದ್ಧ ಮಿಶ್ರಣದ ದೋಷಗಳು ಕಣ್ಣಿಗೆ, ಕಿವಿಗೆ ಗೋಚರವಾಗುತ್ತವೆ. ಹೊಗೆ ಕಪ್ಪಾಗುತ್ತದೆ, ಇಂಜಿನು ಮುಗ್ಗರಿಸುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಪೆಟ್ರೋಲು ವ್ಯರ್ಥವಾಗುತ್ತದೆ. ಪೂರ್ತಿ ಉರಿಯದ ಇಂಗಾಲವು ಇಂಗಾಲದ ಮಾನಾಕ್ಸೈಡ್ ಎಂಬ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲವಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಇಂಜಿನನ್ನು ಚಾಲೂ ಮಾಡಿ ಹೊಂದಿಸಹೊರಡುವುದು ಪ್ರಾಣಾಪಾಯಕರ.

ಬಡ ಮಿಶ್ರಣದ ದೋಷ ಹಾಗಲ್ಲ. ಇಂಜಿನು ಚುರುಕಾಗಿಯೇ ಓಡುತ್ತಿರುವಂತೆ ತೋರಬಹುದು. ಹಾನಿ ಒಳಗೊಳಗೇ ನಡೆಯುತ್ತಿರುತ್ತದೆ. ಸಮೃದ್ಧ ಮಿಶ್ರಣದಲ್ಲಿ ಹೆಚ್ಚುವರಿ ಪೆಟ್ರೋಲು ಆವಿಯಾಗುವಾಗ ಗುಪ್ತೋಷ್ಣವನ್ನು ಹೀರಿಕೊಂಡು ಒಳಗಿನ ಉಷ್ಣತೆಯನ್ನು ತಗ್ಗಿಸುತ್ತದೆ. ಮಿಶ್ರಣ ಬಡವಾದಂತೆ ಈ ತಂಪು ಇಲ್ಲವಾಗುತ್ತದೆ. ಜ್ವಾಲೆ ನಿಧಾನವಾಗಿ ಹರಡಿ ಪಿಸ್ಟನ್ನನ್ನು ಹೆಚ್ಚು ಹೊತ್ತು ಸುಡುತ್ತದೆ. ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸುವ ಎರಡು ಹೊಡೆತದ ಇಂಜಿನುಗಳಲ್ಲಿ ಇನ್ನೊಂದು ಕೇಡೂ ಉಂಟು. ಪೆಟ್ರೋಲು ಕಡಿಮೆಯಾದಷ್ಟೂ ಎಣ್ಣೆಯೂ ಕಡಿಮೆಯಾಗುತ್ತದೆ.

ಪರಿಣಾಮವನ್ನು ಲೆಕ್ಕ ಹಾಕೋಣ. ಪಿಸ್ಟನ್ನು ಅಲ್ಯೂಮಿನಿಯಮ್ ಮಿಶ್ರಲೋಹದ್ದು. ಒಂದು ಡಿಗ್ರಿಗೆ ಅದು ಹಿಗ್ಗುವ ಪ್ರಮಾಣ ಹತ್ತು ಲಕ್ಷದಲ್ಲಿ ಸುಮಾರು 20 ಭಾಗ. ಎರಕದ ಕಬ್ಬಿಣದ ಸಿಲಿಂಡರಿನದು ಸುಮಾರು 11 ಭಾಗ ಮಾತ್ರ. 70 ಮಿಲಿಮೀಟರ್ ವ್ಯಾಸದ ಪಿಸ್ಟನ್ನು ಇರಬೇಕಾದುದಕ್ಕಿಂತ 100 ಡಿಗ್ರಿ ಹೆಚ್ಚು ಕಾದರೆ 0.14 ಮಿಲಿಮೀಟರ್ ಹಿಗ್ಗುತ್ತದೆ. ರೆಕ್ಕೆಗಳಿಂದ ಗಾಳಿಗೆ ಶಾಖವನ್ನು ಬಿಟ್ಟುಕೊಡುವ ಸಿಲಿಂಡರು ಅಷ್ಟು ಕಾಯುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಇವೆರಡರ ನಡುವಣ ಸಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ. ಆದುದರಿಂದ ಪಿಸ್ಟನ್ನು ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್ಕುಗಳು ಇಂಜಿನು ಸೀಜಾಯಿತು ಎನ್ನುವುದು ಇದನ್ನೇ. ಓಡುತ್ತಿರುವ ವಾಹನದ ಹಿಂಗಾಲಿ ಆಗ ಥಟ್ಟನೆ ನಿಂತುಬಿಡುತ್ತದೆ. ಇಳಿಜಾರಿನ ತಿರುವಿನಲ್ಲಿ ಹೀಗಾದರೆ ಸವಾರನ ಗತಿಯೇನೆಂಬುದನ್ನು ಹೇಳಬೇಕಾಗಿಲ್ಲ. ಜೆಟ್ಟಿನ ರಂಧ್ರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವೂ ಅಲಕ್ಷಿಸತಕ್ಕ ವಿಷಯವಲ್ಲವೆಂಬುದಕ್ಕೆ ಇದೇ ಕಾರಣ.

ಎತ್ತರದ ಪ್ರಭಾವ

ಈಗ ಬೆಂಗಳೂರಿನಲ್ಲಿ ಸರಿಯಾಗಿ ಹೊಂದಿಸಿದ ವಾಹನವನ್ನು ಲಡಾಖಿನ ಖಾರ್ದುಂಗ್ ಲಾ ಕಣಿವೆಗೆ ಒಯ್ದೆವೆಂದು ಭಾವಿಸೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಖಾರ್ದುಂಗ್ ಲಾ 5,359 ಮೀಟರ್. ಆದರ್ಶ ವಾಯುಮಂಡಲದ ಕೋಷ್ಟಕದ ಪ್ರಕಾರ ಒಂದು ಘನ ಮೀಟರ್ ಗಾಳಿಯ ತೂಕ ಮೊದಲನೆಯ ಎತ್ತರದಲ್ಲಿ ಸುಮಾರು 1.12 ಕಿಲೋಗ್ರಾಂ, ಎರಡನೆಯದರಲ್ಲಿ ಸುಮಾರು 0.71. ಎಂದರೆ ಅಲ್ಲಿನ ಗಾಳಿ ಇಲ್ಲಿನದರ ಶೇಕಡ 63 ಮಾತ್ರ.

ನಮ್ಮ ಸಮೀಕರಣದಲ್ಲಿ ಗಾಳಿಯ ಸಾಂದ್ರತೆ ವರ್ಗಮೂಲದೊಳಗೆ ಇದೆ. 0.63ರ ವರ್ಗಮೂಲ ಸುಮಾರು 0.795. ಬೆಂಗಳೂರಿನಲ್ಲಿ 13 ಇದ್ದ ಪ್ರಮಾಣ ಆ ಕಣಿವೆಯಲ್ಲಿ 13 × 0.795, ಎಂದರೆ ಸುಮಾರು 10.3ಕ್ಕೆ ಇಳಿಯುತ್ತದೆ. ಪೆಟ್ರೋಲು ಕಾಲುಭಾಗದಷ್ಟು ಹೆಚ್ಚಾಯಿತೆಂದಾಯಿತು. ಇಂಜಿನು ಮುಗ್ಗರಿಸುವುದಕ್ಕೂ ಪ್ಲಗ್ಗಿಗೆ ಮಸಿ ಹಿಡಿಯುವುದಕ್ಕೂ ಇದೇ ಕಾರಣ.

ಇದನ್ನು ಸರಿಪಡಿಸಲು ಜೆಟ್ಟಿನ ವಿಸ್ತೀರ್ಣವನ್ನು 0.795ರಿಂದ ಗುಣಿಸಬೇಕು, ವ್ಯಾಸವನ್ನು ಅದರ ವರ್ಗಮೂಲವಾದ 0.89ರಿಂದ ಗುಣಿಸಬೇಕು. 1.45 ಮಿಲಿಮೀಟರ್ ಜೆಟ್ಟಿನ ಬದಲು 1.29 ಮಿಲಿಮೀಟರ್ ಜೆಟ್ಟು ಬೇಕಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಜೆಟ್ಟಿನ ಮೇಲೆ ಕೊರೆದಿರುವ ಸಂಖ್ಯೆಯ ಅರ್ಥ ಎಲ್ಲ ತಯಾರಕರಲ್ಲಿಯೂ ಒಂದೇ ಅಲ್ಲ. ಕೆಲವರು ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಬರೆಯುತ್ತಾರೆ. ಕೆಲವರು ನಿಮಿಷಕ್ಕೆ ಹರಿಯುವ ಪ್ರಮಾಣವನ್ನು ಬರೆಯುತ್ತಾರೆ. ಮೊದಲನೆಯ ಪದ್ಧತಿಯಲ್ಲಿ 145ರ ಬದಲು 129 ಆದರೆ, ಎರಡನೆಯದರಲ್ಲಿ 145ರ ಬದಲು 115 ಆಗುತ್ತದೆ. ಈ ಭೇದವನ್ನರಿಯದೆ ಸಂಖ್ಯೆಯನ್ನಷ್ಟೇ ನೋಡಿ ಜೆಟ್ಟು ಕೊಳ್ಳುವವನು ಮೋಸಹೋಗುತ್ತಾನೆ.

ಹೊಸ ಜೆಟ್ಟಿನಿಂದ ಮಿಶ್ರಣ ಸರಿಯಾದೀತೇ ಹೊರತು ಕಳೆದುಹೋದ ಶಕ್ತಿ ಮರಳಿ ಬಾರದು. ಸಿಲಿಂಡರಿನೊಳಗೆ ಹೋಗುವ ಗಾಳಿಯೇ ಶೇಕಡ 63ಕ್ಕೆ ಇಳಿದಿರುವಾಗ ಅದರೊಡನೆ ಉರಿಯಬಲ್ಲ ಪೆಟ್ರೋಲೂ ಅಷ್ಟೇ.

ಇನ್ನು ಮುಖ್ಯವಾದ ಮಾತು. ಕಣಿವೆಯಲ್ಲಿ ಚಿಕ್ಕ ಜೆಟ್ಟನ್ನು ಹಾಕಿಕೊಂಡವನು ಅದನ್ನು ಮರೆತು ಬಯಲಿಗೆ ಇಳಿದರೆ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ 13 ಇದ್ದ ಪ್ರಮಾಣ ಬೆಂಗಳೂರಿನ ಎತ್ತರದಲ್ಲಿ 16.4 ಆಗುತ್ತದೆ. ಇದು ಅಪಾಯಕರವಾದ ಬಡ ಮಿಶ್ರಣ. ಏರುವಾಗ ಜೆಟ್ಟು ಬದಲಿಸದವನಿಗೆ ಬರುವುದು ಮಸಿ ಮತ್ತು ಕಿರಿಕಿರಿ. ಇಳಿಯುವಾಗ ಬದಲಿಸದವನಿಗೆ ಬರುವುದು ಪಿಸ್ಟನ್ನಿನ ನಾಶ. ಆದಕಾರಣ ಕೆಲವು ಗಂಟೆಗಳಲ್ಲಿ ಕಣಿವೆಯನ್ನು ದಾಟಿ ಇಳಿಯುವವರು ಮುಖ್ಯ ಜೆಟ್ಟನ್ನು ಮುಟ್ಟದೆ ಕಿರಿಕಿರಿಯನ್ನು ಸಹಿಸಿಕೊಳ್ಳುವುದೇ ಮೇಲು. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ವಾರಗಟ್ಟಲೆ ತಂಗಿ ಓಡಾಡುವವರು ಬದಲಿಸಿಕೊಳ್ಳಬಹುದು. ಆದರೆ ಹಳೆಯ ಜೆಟ್ಟನ್ನು ಜೋಪಾನವಾಗಿಟ್ಟು, ಇಳಿಯುವ ಮುನ್ನ ಮರಳಿ ಹಾಕಿಕೊಳ್ಳಬೇಕು.

ಉಷ್ಣತೆಯ ಪ್ರಭಾವವೂ ಇದೇ ಬಗೆಯದು, ಆದರೆ ಚಿಕ್ಕದು. 5 ಡಿಗ್ರಿ ಸೆಲ್ಸಿಯಸ್‌ನ ಬೆಳಗಿನಿಂದ 40 ಡಿಗ್ರಿಯ ಮಧ್ಯಾಹ್ನಕ್ಕೆ ಗಾಳಿಯ ಸಾಂದ್ರತೆ ಶೇಕಡ 11ರಷ್ಟು ಇಳಿಯುತ್ತದೆ. ಪ್ರಮಾಣದಲ್ಲಿ ಶೇಕಡ 6ರಷ್ಟು ವ್ಯತ್ಯಾಸವಾಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಿಗಿಯಾಗಿ ಹೊಂದಿಸಿದ ಜೆಟ್ಟು ಮರುದಿನ ಮುಂಜಾನೆಯ ಚಳಿಯಲ್ಲಿ ಬಡ ಮಿಶ್ರಣವನ್ನು ಕೊಡುವುದೆಂಬುದನ್ನು ಮರೆಯಬಾರದು.

ಎಥನಾಲಿನ ಪ್ರಭಾವ

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಅಂಶ ಸೇರಿಕೊಂಡಿದೆ. ಶೇಕಡ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಮ್ಮೇಳನದಲ್ಲಿ ಚಾಲನೆ ದೊರೆಯಿತು. ಎಥನಾಲಿನ ಅಣುವಿನಲ್ಲಿಯೇ ಆಮ್ಲಜನಕವಿರುವುದರಿಂದ ಒಂದು ಗ್ರಾಂ ಎಥನಾಲಿಗೆ ಬೇಕಾದ ಗಾಳಿ 9 ಗ್ರಾಂ ಮಾತ್ರ. ಇ20ರಲ್ಲಿ ತೂಕದ ಮೇಲೆ ಎಥನಾಲಿನ ಪಾಲು ಸುಮಾರು ಶೇಕಡ 21. ಹಾಗಾಗಿ ಅದಕ್ಕೆ ತಕ್ಕ ಪ್ರಮಾಣ 0.21 × 9 + 0.79 × 14.7, ಎಂದರೆ ಸುಮಾರು 13.5.

ಶುದ್ಧ ಪೆಟ್ರೋಲಿಗಾಗಿ ಹೊಂದಿಸಿದ ಹಳೆಯ ಕಾರ್ಬ್ಯುರೇಟರಿಗೆ ಈ ಬದಲಾವಣೆಯ ಅರಿವಿಲ್ಲ. ಅದು ಹಿಂದಿನಷ್ಟೇ ದ್ರವವನ್ನು ಬಿಡುತ್ತದೆ. ಆ ದ್ರವಕ್ಕೆ ಬೇಕಾದುದಕ್ಕಿಂತ ಸುಮಾರು ಶೇಕಡ 8ರಷ್ಟು ಹೆಚ್ಚು ಗಾಳಿ ಬಂದು ಮಿಶ್ರಣ ಬಡವಾಗುತ್ತದೆ. ಸರಿಪಡಿಸಲು ಜೆಟ್ಟಿನ ವಿಸ್ತೀರ್ಣ ಶೇಕಡ 8ರಷ್ಟು, ವ್ಯಾಸ ಶೇಕಡ 4ರಷ್ಟು ಹೆಚ್ಚಬೇಕು. ಎತ್ತರದ ಪ್ರಭಾವಕ್ಕೆ ಇದು ವಿರುದ್ಧ ದಿಕ್ಕಿನದು. ಬೆಟ್ಟದ ಮೇಲೆ ಇವೆರಡೂ ಒಂದನ್ನೊಂದು ಸ್ವಲ್ಪ ಮಟ್ಟಿಗೆ ತಗ್ಗಿಸುತ್ತವೆ. ಕರಾವಳಿಯ ಚಳಿಗಾಲದ ಮುಂಜಾನೆ ಇಂಥ ನೆರವು ಇಲ್ಲ. ಇಂಧನ ಸಿಂಚನವುಳ್ಳ ಹೊಸ ವಾಹನಗಳಲ್ಲಿ ಹೊಗೆಯೊಳಗಿನ ಆಮ್ಲಜನಕವನ್ನು ಅಳೆಯುವ ಸಂವೇದಕವಿದ್ದು, ಅದು ತನ್ನ ಮಿತಿಯೊಳಗೆ ಇಂಧನವನ್ನು ಸರಿದೂಗಿಸುತ್ತದೆ. ಕಾರ್ಬ್ಯುರೇಟರಿನ ವಾಹನದಲ್ಲಿ ಆ ಕೆಲಸವನ್ನು ಮನುಷ್ಯನೇ ಮಾಡಬೇಕು.

ಹೊಂದಿಸುವ ಕ್ರಮ

ಲೆಕ್ಕವು ನಮ್ಮನ್ನು ಸರಿಯಾದ ಜೆಟ್ಟಿನ ಸಮೀಪಕ್ಕೆ ಕೊಂಡೊಯ್ಯುತ್ತದೆ. ಕೊನೆಯ ತೀರ್ಮಾನ ಪ್ರಯೋಗದ್ದು. ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ನಿಯಮ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು, ಬದಲಿಸಿದ್ದನ್ನು, ಅಂದಿನ ಉಷ್ಣತೆಯನ್ನು, ಸ್ಥಳದ ಎತ್ತರವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಬೇಕು.

ಮೊದಲು ಗಾಳಿಯ ಶೋಧಕವನ್ನು ಶುಚಿಮಾಡಿ, ಫ್ಲೋಟಿನ ಮಟ್ಟವನ್ನು ಪರೀಕ್ಷಿಸಬೇಕು. ಕಾರ್ಬ್ಯುರೇಟರಿಗೂ ಇಂಜಿನಿಗೂ ನಡುವಣ ರಬ್ಬರು ಬಿರಿದು ಗಾಳಿ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸೋರುವ ಗಾಳಿಯನ್ನು ದೊಡ್ಡ ಜೆಟ್ಟಿನಿಂದ ಸರಿದೂಗಿಸಹೋಗುವುದು ರೋಗವನ್ನು ಬಿಟ್ಟು ಲಕ್ಷಣಕ್ಕೆ ಮದ್ದು ಕೊಟ್ಟಂತೆ. ಆಮೇಲೆ ಹಿಡಿಯ ಮೇಲೆ ಕಾಗದದ ಪಟ್ಟಿ ಅಂಟಿಸಿ ಮುಚ್ಚಿದ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂಬ ಗುರುತುಗಳನ್ನು ಹಾಕಿಕೊಳ್ಳಬೇಕು.

ಇಂಜಿನು ಚೆನ್ನಾಗಿ ಬಿಸಿಯಾದ ಮೇಲೆ ಮುಖ್ಯ ಜೆಟ್ಟಿನಿಂದ ಆರಂಭಿಸಬೇಕು. ಈ ಪರೀಕ್ಷೆ ಸಾರ್ವಜನಿಕ ರಸ್ತೆಯಲ್ಲಿ ಸಲ್ಲದು. ಇತರರ ಸಂಚಾರವಿಲ್ಲದ ಮೈದಾನದ ಏರಿನಲ್ಲಿ, ಹೆಲ್ಮೆಟ್ ಧರಿಸಿಯೇ ನಡೆಸಬೇಕು. ತಯಾರಕರು ಸೂಚಿಸಿದ್ದಕ್ಕಿಂತ ಒಂದು ಮೆಟ್ಟಿಲು ದೊಡ್ಡದಾದ ಜೆಟ್ಟನ್ನು ಹಾಕಿ, ಸಮೃದ್ಧ ಕಡೆಯಿಂದಲೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು ಸುರಕ್ಷಿತ. ಪೂರ್ತಿ ತೆರೆದು ಓಡಿಸುವಾಗ ಹಿಡಿಯನ್ನು ಕೊಂಚ ಹಿಂದಕ್ಕೆ ತಿರುಗಿಸಿದೊಡನೆ ಇಂಜಿನು ಇನ್ನೂ ಬಲವಾಗಿ ಎಳೆದರೆ, ಅಥವಾ ಚೋಕನ್ನು ತುಸು ಎಳೆದಾಗ ಉತ್ತಮಗೊಂಡರೆ, ಜೆಟ್ಟು ಚಿಕ್ಕದಾಯಿತೆಂದು ತಿಳಿದು ಕೂಡಲೇ ದೊಡ್ಡದನ್ನು ಹಾಕಬೇಕು.

ತರುವಾಯ ಪೈಲಟ್ ಜೆಟ್ಟು. ವಾಹನವನ್ನು ನಿಲ್ಲಿಸಿ, ಗಾಳಿತಿರುಪನ್ನು ನಿಧಾನವಾಗಿ ತಿರುಗಿಸುತ್ತ ಇಂಜಿನು ಅತ್ಯಂತ ಚುರುಕಾಗಿ ತಿರುಗುವ ಸ್ಥಾನವನ್ನು ಕಂಡುಹಿಡಿಯಬೇಕು. ಪೂರ್ತಿ ಮುಚ್ಚಿದ ಸ್ಥಿತಿಯಿಂದ ಅರ್ಧ ಸುತ್ತಿನೊಳಗೇ ಆ ಸ್ಥಾನ ಬಂದರೆ ಪೈಲಟ್ ಜೆಟ್ಟು ಚಿಕ್ಕದು; ಎರಡೂವರೆ ಸುತ್ತು ದಾಟಿದರೆ ದೊಡ್ಡದು. ತಿರುಪು ಇಂಜಿನಿನ ಕಡೆಗಿದ್ದು ಗಾಳಿಗೆ ಬದಲಾಗಿ ಮಿಶ್ರಣವನ್ನೇ ನಿಯಂತ್ರಿಸುವ ಕಾರ್ಬ್ಯುರೇಟರುಗಳೂ ಉಂಟು. ಅವುಗಳಲ್ಲಿ ಈ ನಿಯಮ ತಲೆಕೆಳಗಾಗುತ್ತದೆ.

ಕಡೆಯಲ್ಲಿ ಸೂಜಿ. ಅರ್ಧ ತೆರೆದು ಓಡಿಸುವಾಗ ಇಂಜಿನು ಮುಗ್ಗರಿಸಿ ಹೊಗೆ ಬಿಟ್ಟರೆ ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿ ಸೂಜಿಯನ್ನು ಇಳಿಸಬೇಕು. ಹಿಡಿಯನ್ನು ತೆರೆದೊಡನೆ ಕ್ಷಣಕಾಲ ಸೊರಗಿದರೆ ಒಂದು ಗೀರು ಕೆಳಕ್ಕೆ ಹಾಕಿ ಏರಿಸಬೇಕು. ಎಲ್ಲ ಮುಗಿದ ಮೇಲೆ ಮುಖ್ಯ ಜೆಟ್ಟನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಪ್ಲಗ್ಗಿನ ಬಣ್ಣ ನೋಡಿ ಮಿಶ್ರಣವನ್ನು ತಿಳಿಯುವ ಹಳೆಯ ಪದ್ಧತಿಯೂ ಇದೆ: ಬಿಳುಪಾದರೆ ಬಡ, ಮಸಿಯಾದರೆ ಸಮೃದ್ಧ, ತಿಳಿಕಂದಾದರೆ ಸರಿ. ಆದರೆ 2000ದಲ್ಲಿ ಸೀಸ ಬೆರೆತ ಪೆಟ್ರೋಲು ನಮ್ಮ ದೇಶದಲ್ಲಿ ನಿಂತ ಮೇಲೆ ಈ ಬಣ್ಣಗಳು ಹಿಂದಿನಷ್ಟು ಸ್ಪಷ್ಟವಾಗಿ ಮೂಡುವುದಿಲ್ಲ. ಹೊಸ ಪ್ಲಗ್ಗನ್ನು ಹಾಕಿ, ಪೂರ್ತಿ ತೆರೆದು ಓಡಿಸಿ, ಕ್ಲಚ್ಚನ್ನು ಹಿಡಿದು ಅಲ್ಲಿಯೇ ಇಂಜಿನನ್ನು ಆರಿಸಿ, ಪಿಂಗಾಣಿಯ ಬುಡದಲ್ಲಿ ಮೂಡಿದ ಉಂಗುರವನ್ನು ನೋಡಿದರೆ ಸ್ವಲ್ಪ ಸುಳಿವು ಸಿಗುತ್ತದೆ. ಇದೊಂದನ್ನೇ ನಂಬಿ ಜೆಟ್ಟು ಇಳಿಸುವುದು ತರವಲ್ಲ. ಪೆಟ್ರೋಲನ್ನು ಬಿಚ್ಚಿ ಸುರಿಯುವ ಕೆಲಸವೆಲ್ಲ ತಣ್ಣಗಾದ ಇಂಜಿನಿನ ಮೇಲೆ, ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ನಡೆಯಬೇಕು.

ಅಭ್ಯಾಸಕ್ಕೆ

1. ಮಂಗಳೂರಿನಲ್ಲಿ ಸಮುದ್ರಮಟ್ಟಕ್ಕೆ ಹೊಂದಿಸಿದ, 1.20 ಮಿಲಿಮೀಟರ್ ಮುಖ್ಯ ಜೆಟ್ಟುಳ್ಳ ವಾಹನವೊಂದು ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಹೋಗುತ್ತದೆ. ಗಾಳಿಯ ಸಾಂದ್ರತೆ 1.225ರಿಂದ 1.014ಕ್ಕೆ ಇಳಿಯುವುದೆಂದು ಭಾವಿಸಿ, ಅಲ್ಲಿಗೆ ತಕ್ಕ ಜೆಟ್ಟಿನ ವ್ಯಾಸವನ್ನು ಕಂಡುಹಿಡಿಯಿರಿ.

2. ಅದೇ ವಾಹನ ಮಂಗಳೂರಿನಲ್ಲಿ ಶುದ್ಧ ಪೆಟ್ರೋಲಿಗೆ ಹೊಂದಿಸಿದ್ದಾಗಿದ್ದು, ಇ20 ತುಂಬಿಕೊಂಡು ಮುಳ್ಳಯ್ಯನಗಿರಿಗೆ ಹೋದರೆ ಜೆಟ್ಟನ್ನು ಬದಲಿಸಬೇಕೆ?

ಉತ್ತರಗಳು: ಮೊದಲನೆಯದಕ್ಕೆ ಸುಮಾರು 1.14 ಮಿಲಿಮೀಟರ್. ಎರಡನೆಯದಕ್ಕೆ, ಎತ್ತರವು ಪ್ರಮಾಣವನ್ನು ಶೇಕಡ 9ರಷ್ಟು ಸಮೃದ್ಧದ ಕಡೆಗೂ ಎಥನಾಲು ಸುಮಾರು ಶೇಕಡ 8ರಷ್ಟು ಬಡತನದ ಕಡೆಗೂ ಎಳೆಯುವುದರಿಂದ ಗಿರಿಯ ಮೇಲೆ ಬದಲಾವಣೆ ಬೇಕಾಗದು. ಆದರೆ ಆ ವಾಹನ ಮಂಗಳೂರಿಗೆ ಮರಳಿದಾಗ ಏನಾಗುವುದೆಂಬುದನ್ನು ವಿದ್ಯಾರ್ಥಿಗಳು ತಾವೇ ಯೋಚಿಸಿ ಹೇಳಬೇಕು.